ಎರಡಕ್ಕೂ ಹದಿಮೂರಕ್ಕೂ ನಡುವೆ

ತಂತ್ರಾಂಶ ತಂಡಗಳು ಕೆಲಸದ ಅಂದಾಜು ಕಟ್ಟಲು ಆಡುವ ಪ್ಲಾನಿಂಗ್ ಪೋಕರ್‌ನ ಎಲೆಕಟ್ಟಿನಲ್ಲಿ ನನಗೆ ಅಚ್ಚುಮೆಚ್ಚಿನ ಎಲೆ ಕಾಫಿ ಕಪ್ಪಿನದು. ಅದನ್ನು ಎತ್ತಿ ತೋರಿಸಿದರೆ ‘ತಲೆ ಓಡ್ತಾ ಇಲ್ಲ, ಒಂದು ಬ್ರೇಕ್ ಕೊಡಿ’ ಎಂದರ್ಥ. ಉಳಿದ ಎಲೆಗಳ ಮೇಲೆ 0, ½, 1, 2, 3, 5, 8, 13, 20, 40, 100 ಎಂಬ ಅಂಕಿಗಳಿರುತ್ತವೆ, ಒಂದರ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಒಂದರಿಂದ ಹದಿಮೂರರವರೆಗೆ ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುತ್ತದೆ. ಆ ಲೆಕ್ಕಕ್ಕೆ ನಂತರ 21 ಬರಬೇಕಿತ್ತು. ಆದರೆ ಇಪ್ಪತ್ತೊಂದು ಎಂದರೆ ಯಾರೋ ಅಳೆದು ತೂಗಿ ಹೇಳಿದ ಹಾಗೆ ಕೇಳಿಸುತ್ತದೆ, ಹಾಗಾಗಿ 20 ಮಾಡಿದರು. ದೊಡ್ಡ ಕೆಲಸದ ಅಂದಾಜು ಒರಟೊರಟಾಗಿಯೇ ಇರಲಿ ಎಂಬ ಈ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ.

ಆಟ ಸರಳ. ಅಜೈಲ್ ಪದ್ಧತಿಯಲ್ಲಿ ಕೆಲಸ ಮಾಡುವ ತಂಡಗಳು ವರ್ಷವಿಡೀ ಏನು ಮಾಡುವುದೆಂದು ಮೊದಲೇ ಗೆರೆ ಕೊರೆದು ಕೂರುವುದಿಲ್ಲ. ಸಾಮಾನ್ಯವಾಗಿ ಎರಡೆರಡು ವಾರದ ಸ್ಪ್ರಿಂಟ್ ಮಾಡಿಕೊಂಡು, ಆ ಅವಧಿಗೆ ಹಿಡಿಸುವಷ್ಟು ‘ಸ್ಟೋರಿ’ಗಳನ್ನು, ಅಂದರೆ ಬಿಡಿ ಬಿಡಿ ಕೆಲಸಗಳನ್ನು, ಬಾಕಿ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್‌ನ ಮೇಲುತುದಿಯಿಂದ ಎತ್ತಿಕೊಳ್ಳುತ್ತವೆ. ಎಷ್ಟು ಹಿಡಿಸೀತು ಎಂದು ತಿಳಿಯಬೇಕಲ್ಲ, ಅದಕ್ಕೆ ಈ ಎಲೆಗಳು. ಏನೇನು ಆಗಬೇಕೆಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಒಂದು ಸ್ಟೋರಿ ಓದುತ್ತಾರೆ. ಎಲ್ಲರೂ ಒಂದೊಂದು ಎಲೆ ಆರಿಸಿ ಮಗುಚಿಟ್ಟು, ಒಟ್ಟಿಗೇ ತಿರುಗಿಸುತ್ತಾರೆ. ಅತಿ ಕಡಿಮೆ ಮತ್ತು ಅತಿ ಹೆಚ್ಚು ತೋರಿಸಿದವರು ಕಾರಣ ಹೇಳಬೇಕು. ಆಮೇಲೆ ಇನ್ನೊಂದು ಸುತ್ತು. ಇದನ್ನು 2002ರಲ್ಲಿ ಬರೆದಿಟ್ಟವರು ಜೇಮ್ಸ್ ಗ್ರೆನ್ನಿಂಗ್; ಅದರ ಹಿಂದಿನ ವರ್ಷ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿ ಅಜೈಲ್ ಪ್ರಣಾಳಿಕೆಗೆ ಸಹಿ ಹಾಕಿದ ಹದಿನೇಳು ಮಂದಿಯಲ್ಲಿ ಒಬ್ಬರು. ಇಬ್ಬರು ಹಿರಿಯ ಎಂಜಿನಿಯರುಗಳು ವಾದಕ್ಕಿಳಿದು ಮಿಕ್ಕವರೆಲ್ಲ ಆಕಳಿಸುವ ಮೀಟಿಂಗು ಅವರಿಗೂ ಸಾಕಾಗಿತ್ತು. ಮೂರು ವರ್ಷದ ನಂತರ ಮೈಕ್ ಕೋನ್ ತಮ್ಮ ಪುಸ್ತಕದಲ್ಲಿ ಈ ಆಟವನ್ನು ಸೇರಿಸಿದ ಮೇಲೆ ಅದು ಲೋಕಪ್ರಸಿದ್ಧವಾಯಿತು.

ಆಡುವಾಗ ಏನಾಗುತ್ತದೆ ನೋಡೋಣ. ಬಿಲ್ ಕಟ್ಟುವ ಆ್ಯಪ್ ಒಂದಿದೆ ಎಂದಿಟ್ಟುಕೊಳ್ಳಿ. ಸ್ಟೋರಿ ಒಂದೇ ಸಾಲಿನದು: ಗ್ರಾಹಕರಿಗೆ ರಶೀದಿ ಕನ್ನಡದಲ್ಲೂ ಸಿಗಬೇಕು. ಎಲೆಗಳು ತಿರುಗುತ್ತವೆ. ಬ್ಯಾಕೆಂಡ್ ಹುಡುಗ ಎರಡು ತೋರಿಸಿದ್ದಾನೆ, ಟೆಸ್ಟರ್ ಮೇಡಂ ಹದಿಮೂರು.

“ಇಂಗ್ಲಿಷ್ ಟೆಂಪ್ಲೇಟ್ ರೆಡಿ ಇದೆ. ಫಾಂಟ್ ಸೇರಿಸಿ ಅನುವಾದ ಅಂಟಿಸಿದ್ರೆ ಮುಗೀತಲ್ಲ ಮೇಡಂ?”

“ಒಂದ್ಸಲ ‘ಲಕ್ಷ್ಮಮ್ಮ’ ಅಂತ ಪಿಡಿಎಫ್ ತೆಗೆದು ನೋಡಪ್ಪ. ಆಮೇಲೆ ಎರಡು ಅನ್ನು.”

ಆ ಪಿಡಿಎಫ್ ಲೈಬ್ರರಿಗೆ ಒತ್ತಕ್ಷರ ಕೂಡಿಸಲು ಬಾರದು. ಲಕ್ಷ್ಮಮ್ಮ ಹಾಗಿರಲಿ, ‘ಮೊತ್ತ’ ಎಂಬ ಪದವೇ ಅರ್ಧಾಕ್ಷರಗಳಾಗಿ ಒಡೆದು ಬೀಳುತ್ತದೆ. ಇಷ್ಟು ಹೊತ್ತು ಸುಮ್ಮನಿದ್ದ ಇನ್ನೊಬ್ಬರು ಬಾಯಿ ಬಿಡುತ್ತಾರೆ: ಗ್ರಾಹಕರ ಹೆಸರೆಲ್ಲ ಡೇಟಾಬೇಸಿನಲ್ಲಿ ಇಂಗ್ಲಿಷಿನಲ್ಲೇ ಇದೆಯಲ್ಲ, ಅದನ್ನು ಕನ್ನಡಕ್ಕೆ ತರುವವರು ಯಾರು? ಪ್ರಾಡಕ್ಟ್ ಓನರ್‌ಗೆ ಇದು ಹೊಳೆದೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮಾತಿನಲ್ಲಿ ಸ್ಟೋರಿ ಎರಡಾಗುತ್ತದೆ. ಒತ್ತಕ್ಷರ ಬಲ್ಲ ಲೈಬ್ರರಿ ಹುಡುಕಿ ರಶೀದಿಯ ತಲೆಬರಹಗಳನ್ನು ಕನ್ನಡಕ್ಕೆ ತರುವುದು ಈ ಸ್ಪ್ರಿಂಟಿಗೆ. ಹೆಸರಿನ ಲಿಪ್ಯಂತರ ಬ್ಯಾಕ್‌ಲಾಗ್‌ನ ಕೆಳಕ್ಕೆ. ಮರುಸುತ್ತಿನಲ್ಲಿ ಎಲ್ಲರೂ ಐದಕ್ಕೆ ಬರುತ್ತಾರೆ.

ಆ ಐದಕ್ಕೆ ನನ್ನ ದೃಷ್ಟಿಯಲ್ಲಿ ಕವಡೆ ಕಾಸಿನ ಬೆಲೆಯಿಲ್ಲ. ಬೆಲೆಯಿರುವುದು ಎರಡಕ್ಕೂ ಹದಿಮೂರಕ್ಕೂ ನಡುವೆ ನಡೆದ ಮಾತಿಗೆ. ಪ್ಲಾನಿಂಗ್ ಎಂದರೆ ಅಷ್ಟೇ.

ಎಲೆ ಮಗುಚಿಡುವ ನಿಯಮ ನಮ್ಮ ಆಫೀಸುಗಳಿಗೆ ಹೇಳಿ ಮಾಡಿಸಿದಂತಿದೆ. ದೊಡ್ಡವರು ಒಂದು ಅಂಕಿ ಹೇಳಿದ ಮೇಲೆ ‘ಹೌದು ಸರ್’ ಎನ್ನದಿರುವುದು ನಮಗೆ ಕಷ್ಟ. ಎಲೆ ಮೊದಲೇ ಮೇಜಿನ ಮೇಲಿದ್ದರೆ ಬಾಯಿ ಹಿಂಜರಿದರೂ ಕೈ ಹಿಂಜರಿಯುವಂತಿಲ್ಲ. ಆದರೆ ರಾತ್ರಿ ಎಂಟೂವರೆಯ ಕಾಲ್‌ನಲ್ಲಿ ಅಮೆರಿಕದ ಮ್ಯಾನೇಜರ್ ‘ಇದು ಚಿಕ್ಕ ಕೆಲಸ ತಾನೇ?’ ಎಂದು ಪೀಠಿಕೆ ಹಾಕಿಬಿಟ್ಟರೆ ಆಟ ಅಲ್ಲಿಗೇ ಕೆಟ್ಟಿತು. ಆಮೇಲೆ ಬರುವುದೆಲ್ಲ ಎರಡು, ಹೆಚ್ಚೆಂದರೆ ಮೂರು.

ಎಲೆಗಳ ಮೇಲಿನ ಈ ಅಂಕಿಗಳನ್ನು ‘ಸ್ಟೋರಿ ಪಾಯಿಂಟ್’ ಎನ್ನುತ್ತಾರೆ. ಈ ಪಾಯಿಂಟ್ ಎಂಬುದು ಬಂದದ್ದೆಲ್ಲಿಂದ? ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಅಜೈಲ್ ವಿಧಾನ ರೂಪುಗೊಂಡದ್ದು ತೊಂಬತ್ತರ ದಶಕದಲ್ಲಿ, ಕ್ರೈಸ್ಲರ್ ಕಾರು ಕಂಪನಿಯ ಸಂಬಳದ ಲೆಕ್ಕದ ತಂತ್ರಾಂಶ ಬರೆಯುತ್ತಿದ್ದಾಗ. ಆ ಗುಂಪಿನಲ್ಲಿದ್ದ ರಾನ್ ಜೆಫ್ರೀಸ್ ನೆನಪಿಸಿಕೊಳ್ಳುವಂತೆ, ಮೊದಲು ಅಂದಾಜು ಹೇಳುತ್ತಿದ್ದದ್ದು ‘ಆದರ್ಶ ದಿನ’ಗಳಲ್ಲಿ, ಅಂದರೆ ಯಾರೂ ತೊಂದರೆ ಕೊಡದೆ ಕೂತು ಮಾಡಿದರೆ ಹಿಡಿಯುವ ದಿನಗಳಲ್ಲಿ. ವಾಸ್ತವದಲ್ಲಿ ಅದರ ಸುಮಾರು ಮೂರರಷ್ಟು ಸಮಯ ಹಿಡಿಯುತ್ತಿತ್ತು. ಒಂದು ದಿನದ ಕೆಲಸಕ್ಕೆ ಮೂರು ದಿನ ಯಾಕೆ ಎಂದು ಮೇಲಿನವರು ಕೇಳುತ್ತಲೇ ಇದ್ದರು. ಕಾಟ ತಪ್ಪಲಿ ಎಂದು ‘ದಿನ’ ತೆಗೆದು ‘ಪಾಯಿಂಟ್’ ಎಂದರು. ಇದನ್ನು ತಾನೇ ಕಂಡುಹಿಡಿದಿರಬಹುದು, ಹಾಗಿದ್ದರೆ ಈಗ ಅದಕ್ಕೆ ವಿಷಾದಿಸುತ್ತೇನೆ ಎಂಬರ್ಥದಲ್ಲಿ ಜೆಫ್ರೀಸ್ ಬರೆದಿದ್ದಾರೆ. ಅಂದಹಾಗೆ, ಸ್ಕ್ರಮ್ ಎಂಬ ಇನ್ನೊಂದು ಅಜೈಲ್ ವಿಧಾನದ ಅಧಿಕೃತ ಕೈಪಿಡಿಯಲ್ಲಿ ಸ್ಟೋರಿ ಪಾಯಿಂಟ್ ಎಂಬ ಮಾತೇ ಇಲ್ಲ. ನಮ್ಮಲ್ಲಿ ಅದಿಲ್ಲದೆ ಸ್ಕ್ರಮ್ಮೇ ಇಲ್ಲ ಎಂದುಕೊಂಡವರು ಬೇಕಾದಷ್ಟಿದ್ದಾರೆ.

ಅಂದಾಜು ಕಟ್ಟುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಚನ್ನಗಿರಿ ಕಡೆ ಅಡಿಕೆ ತೋಟದ ಚೇಣಿ (ಫಸಲಿನ ಗುತ್ತಿಗೆ) ಹಿಡಿಯುವವರು ಗೊನೆಗಳತ್ತ ಕತ್ತೆತ್ತಿ ನೋಡಿ, ಹಿಂದೆ ಕಂಡ ತೋಟಗಳಿಗೆ ಹೋಲಿಸಿ, ಇಷ್ಟು ಕ್ವಿಂಟಾಲ್ ಎಂದು ಹೇಳುತ್ತಾರೆ. ಪಾಯಿಂಟ್ ಹಾಕುವುದೂ ಹೀಗೆ ಹೋಲಿಸಿಯೇ: ಹೋದ ತಿಂಗಳ ಆ ಕೆಲಸಕ್ಕಿಂತ ಇದು ದೊಡ್ಡದೋ ಚಿಕ್ಕದೋ? ಆದರೆ ಲೆಕ್ಕ ತಪ್ಪಿದರೆ ನಷ್ಟ ಚೇಣಿದಾರನಿಗೇ, ಹಾಗಾಗಿ ಸುಳ್ಳು ಅಂದಾಜು ಕಟ್ಟಿ ಅವನಿಗೆ ಆಗಬೇಕಾದ್ದೇನೂ ಇಲ್ಲ. ತಂಡದ ಪಾಯಿಂಟ್ ಮಾತ್ರ ಮ್ಯಾನೇಜರ ಎಕ್ಸೆಲ್ ಹಾಳೆಗೆ ಹೋಗಿ ಅಲ್ಲಿ ‘ವೆಲಾಸಿಟಿ’, ಅಂದರೆ ತಂಡದ ವೇಗ, ಆಗುತ್ತದೆ. ಈ ತಂಡ ನಲವತ್ತು ಮಾಡಿತು, ಆ ತಂಡ ಇಪ್ಪತ್ತೆಂಟೇ ಯಾಕೆ ಎಂಬ ಪ್ರಶ್ನೆ ಹುಟ್ಟುತ್ತದೆ. ಇದಕ್ಕೆ ಜಾಣ ತಂಡ ಕೊಡುವ ಉತ್ತರ ಒಂದೇ. ಹೋದ ತ್ರೈಮಾಸಿಕದಲ್ಲಿ ಮೂರಾಗಿದ್ದ ಕೆಲಸ ಈಗ ಐದಾಗುತ್ತದೆ, ಐದಿದ್ದದ್ದು ಎಂಟಾಗುತ್ತದೆ. ಮುಗಿಯದ ಟಿಕೆಟ್ಟನ್ನು ಸ್ಪ್ರಿಂಟಿನ ಕೊನೆಯ ಸಂಜೆ ‘ಭಾಗ ಎರಡು’ ಎಂದು ಸೀಳಿ, ಅರ್ಧ ಪಾಯಿಂಟುಗಳನ್ನು ಈಗಲೇ ಜಮೆ ಮಾಡಿಕೊಳ್ಳುತ್ತಾರೆ. ಗ್ರಾಫು ಏರುತ್ತದೆ. ಗ್ರಾಹಕನ ಕೈಗೆ ಏನೂ ಬಂದಿರುವುದಿಲ್ಲ.

ಎಸ್ಟಿಮೇಟನ್ನೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ನಮ್ಮ ಪಕ್ಕದ ಹೈದರಾಬಾದಿನಲ್ಲೇ ಇದೆ. 2004ರಲ್ಲಿ ಮೈಕ್ರೋಸಾಫ್ಟ್‌ನ ಆಂತರಿಕ ತಂತ್ರಾಂಶಗಳನ್ನು ದುರಸ್ತಿ ಮಾಡುವ ಸಣ್ಣ ತಂಡವೊಂದು ಅಲ್ಲಿತ್ತು. ಒಂದು ಕೋರಿಕೆ ಪೂರೈಸಲು ಸರಾಸರಿ ಐದು ತಿಂಗಳು. ಮ್ಯಾನೇಜರ್ ಡ್ರಾಗೋಸ್ ಡುಮಿಟ್ರಿಯು ಮತ್ತು ಅವರ ಸಹೋದ್ಯೋಗಿ ಡೇವಿಡ್ ಆಂಡರ್ಸನ್ ಕೂತು ನೋಡಿದಾಗ ಕಂಡದ್ದು, ತಂಡದ ಸಾಮರ್ಥ್ಯದ ಸುಮಾರು ಮೂರರಲ್ಲೊಂದು ಪಾಲು ಬರೀ ಎಸ್ಟಿಮೇಟ್ ಬರೆಯುವುದಕ್ಕೇ ಹೋಗುತ್ತಿತ್ತು! ಅದರಲ್ಲೂ ಎಷ್ಟೋ ಕೆಲಸಗಳು ಕೊನೆಗೆ ಆಗುತ್ತಲೇ ಇರಲಿಲ್ಲ. ಎಸ್ಟಿಮೇಟ್ ನಿಲ್ಲಿಸಿದರು. ಒಂದು ಹೊತ್ತಿಗೆ ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿದರು. ಒಂದು ಮುಗಿದ ಮೇಲೇ ಇನ್ನೊಂದು, ಮುಂದಿನದು ಯಾವುದೆಂದು ಕೋರಿದವರೇ ಸೇರಿ ತೀರ್ಮಾನಿಸಲಿ ಎಂದರು. ಮುಂದಿನ ವರ್ಷದ ಹೊತ್ತಿಗೆ ತಿಂಗಳುಗಳ ಕಾಯುವಿಕೆ ವಾರಗಳಿಗೆ ಇಳಿದಿತ್ತು. ತಂತ್ರಾಂಶ ಲೋಕದ ಕಾನ್‌ಬಾನ್ ಪದ್ಧತಿಗೆ ತಳಹದಿಯಾದ ಪ್ರಯೋಗ ಇದು. ಬೆಂಗಳೂರಿನ ಎಷ್ಟೋ ತಂಡಗಳಿಗೆ ಈ ಪದ್ಧತಿ ಗೊತ್ತು, ಅದು ಮೊದಲು ನಡೆದದ್ದು ಒಂದು ರಾತ್ರಿಯ ಬಸ್ಸಿನಷ್ಟು ದೂರದಲ್ಲಿ ಎಂಬುದು ಗೊತ್ತಿಲ್ಲ.

ಎಲ್ಲ ತಂಡಗಳಿಗೂ ಹೈದರಾಬಾದಿನ ಮದ್ದೇ ಆಗಬೇಕೆಂದಿಲ್ಲ. ಅವರದು ಸಣ್ಣ ಸಣ್ಣ ದುರಸ್ತಿಗಳ ಕೆಲಸ, ಒಂದಕ್ಕೊಂದು ಹೆಚ್ಚು ಸಂಬಂಧವಿಲ್ಲದ್ದು. ಹೊಸದನ್ನು ಕಟ್ಟುವ ತಂಡಕ್ಕೆ ಎಲೆಗಳು ಬೇಕು, ಲಕ್ಷ್ಮಮ್ಮನ ಸಮಸ್ಯೆ ಮೊದಲೇ ಹೊರಬರುವುದಕ್ಕಾದರೂ ಬೇಕು. ಹಾಗಾಗಿ ಮುಂದಿನ ಪ್ಲಾನಿಂಗ್‌ನಲ್ಲಿ ಹೀಗೊಂದು ಪ್ರಯೋಗ ಮಾಡಿ ನೋಡಿ. ಎಲ್ಲರ ಎಲೆಯೂ ಒಂದೇ ಆಗಿದ್ದರೆ ಮಾತಾಡದೆ ಮುಂದಕ್ಕೆ ಹೋಗಿ. ಬೇರೆಬೇರೆ ಇದ್ದರೆ, ತಂಡಕ್ಕೆ ಹೊಸದಾಗಿ ಸೇರಿದವರಿಂದಲೇ ಮಾತು ಶುರುವಾಗಲಿ. ಮಾತು ಮುಗಿದ ಮೇಲೆ ಆ ಅಂಕಿಯನ್ನು ಟಿಕೆಟ್‌ಗಳ ಲೆಕ್ಕ ಇಡುವ ಜಿರಾದಲ್ಲಿ ತುಂಬಬೇಡಿ. ಎಷ್ಟು ಹಿಡಿಸುತ್ತದೆ ಎಂದು ಯಾರಾದರೂ ಕೇಳಿದರೆ, ಕಳೆದ ಕೆಲವು ಸ್ಪ್ರಿಂಟ್‌ಗಳಲ್ಲಿ ಎಷ್ಟು ಟಿಕೆಟ್ ಪೂರ್ತಿ ಮುಗಿದವೋ ಅಷ್ಟು ಎಂದು ಹೇಳಿ.