ಗಣಿಯ ಬಡ್ಡಿ: ಹೋಟೆಲಿಂಗರ ಲೇಖನವೂ ಕೋಲಾರದ ಚಿನ್ನವೂ

ಖನಿಜ ಮತ್ತು ಇಂಧನಗಳ ಅರ್ಥಶಾಸ್ತ್ರವು ಸ್ನಾತಕೋತ್ತರ ವ್ಯಾಸಂಗದ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದಿದೆ. ಅಮೆರಿಕದ ಕೊಲರಾಡೊ ಗಣಿಶಾಲೆಯಂಥ ಸಂಸ್ಥೆಗಳಲ್ಲಿ ಅದಕ್ಕೆಂದೇ ಪದವಿಗಳಿವೆ. ಈ ಶಾಖೆಯ ವಿದ್ಯಾರ್ಥಿಯು ಮೊದಲು ಎದುರುಗೊಳ್ಳುವ ಸಿದ್ಧಾಂತವು ಪ್ರಾಯಶಃ ಒಂದೇ: ಹೆರಾಲ್ಡ್ ಹೋಟೆಲಿಂಗ್ ಅವರು 1931ರಲ್ಲಿ, ತೀರಿಹೋಗುವ ಸಂಪತ್ತುಗಳ ಅರ್ಥಶಾಸ್ತ್ರವನ್ನು ಕುರಿತು ಬರೆದ ಲೇಖನದ ಸೂತ್ರ. ಪ್ರಕಟವಾದಾಗ ಆ ಲೇಖನಕ್ಕೆ ದೊರೆತ ಗಮನ ಅಲ್ಪವೇ. 1973ರ ತೈಲದ ಮುಗ್ಗಟ್ಟಿನ ತರುವಾಯ, ರಾಬರ್ಟ್ ಸೋಲೊ ಮೊದಲಾದವರು ಅದನ್ನು ಮತ್ತೆ ಮುಂದಕ್ಕೆ ತಂದ ಮೇಲೆ, ಅದಕ್ಕೆ ಮೂಲಗ್ರಂಥದ ಗೌರವ ಬಂದಿತು. ಚರಿತ್ರೆಯ ಅಧ್ಯಾಪಕನಾದ ನಾನು ಅದನ್ನು ಓದಿದ್ದು ತಡವಾಗಿ. ಅದರ ಗಣಿತದ ಭಾಗವನ್ನಂತೂ ಮಿತ್ರರೊಬ್ಬರ ನೆರವಿನಿಂದಲೇ.

ಸೂತ್ರದ ತಾತ್ಪರ್ಯ ಸರಳವಾದುದು. ಗಣಿಯ ಒಡೆಯನು ಅದಿರನ್ನು ಇಂದೇ ತೆಗೆದು ಮಾರಿ ಹಣವನ್ನು ಬಡ್ಡಿಗೆ ಹಾಕಬಹುದು. ಇಲ್ಲವೇ ಅದನ್ನು ನೆಲದೊಳಗೇ ಉಳಿಸಿ ನಾಳೆ ಮಾರಬಹುದು. ಎರಡೂ ಸಮವಾಗಿ ತೋರಬೇಕಾದರೆ, ತೆಗೆಯುವ ವೆಚ್ಚವನ್ನು ಕಳೆದು ಉಳಿಯುವ ಬೆಲೆಯು ಬಡ್ಡಿಯ ದರದಲ್ಲಿಯೇ ಏರುತ್ತಿರಬೇಕು. ಅಂದರೆ ಗಣಿಯೆಂಬುದು ಎಷ್ಟು ಹಣವಿದೆಯೆಂದು ಮೊದಲೇ ತಿಳಿದಿರುವ ಒಂದು ಠೇವಣಿ.

ಈ ಸೂತ್ರವನ್ನು ನಮ್ಮ ಕೋಲಾರದ ಗಣಿಗಳ ಮುಂದಿಟ್ಟು ನೋಡುವುದು ಉಚಿತ. ಜಾನ್ ಟೇಲರ್ ಮನೆತನದ ಕಂಪನಿಯು 1880ರ ಸುಮಾರಿಗೆ ಅಲ್ಲಿ ಕೆಲಸಕ್ಕಿಳಿದಾಗಿನಿಂದ 1914ರ ಮಹಾಯುದ್ಧದವರೆಗೆ, ಚಿನ್ನದ ಬೆಲೆಯು ಲಂಡನ್ನಿನಲ್ಲಿ ಚಿನ್ನದ ಪ್ರಮಾಣದ ಕಟ್ಟಿಗೆ ಒಳಪಟ್ಟು ಸ್ಥಿರವಾಗಿತ್ತು. ಬೆಲೆಯೇ ಏರದಿದ್ದರೆ ನೆಲದೊಳಗಿನ ಚಿನ್ನ ಬಡ್ಡಿ ದುಡಿಯಲಾರದು. ಬೇಗನೆ ತೆಗೆಯುವುದೇ ಒಡೆಯನಿಗೆ ಲಾಭ. 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅಲ್ಲಿನ ಉತ್ಪಾದನೆ ಶಿಖರವನ್ನು ಮುಟ್ಟಿದುದಕ್ಕೆ ಇದೂ ಒಂದು ಕಾರಣವಾಗಿರಬೇಕು. ಇಷ್ಟರ ಮಟ್ಟಿಗೆ ಸೂತ್ರವು ಬೆಳಕು ನೀಡುತ್ತದೆಂಬುದನ್ನು ಒಪ್ಪತಕ್ಕದ್ದೇ.

ಆದರೆ ಠೇವಣಿಯ ಮೊತ್ತ ಯಾರಿಗೆ ತಿಳಿದಿತ್ತು? ಮೊದಲ ಕೆಲವು ವರ್ಷ ಹಣವೆಲ್ಲ ಕರಗಿ, ಕೆಲಸವನ್ನೇ ಕೈಬಿಡುವ ಸ್ಥಿತಿ ಬಂದಿದ್ದಾಗ ಚಾಂಪಿಯನ್ ಎಂಬ ಚಿನ್ನದ ಎಳೆ ಸಿಕ್ಕಿತು. ತರುವಾಯ 1902ರಲ್ಲಿ ಮೈಸೂರು ಸರ್ಕಾರವು ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ಅದನ್ನು ಗಣಿಗಳಿಗೆ ಸಾಗಿಸಿತು. ಯಂತ್ರಗಳಿಗೆ ಅಗ್ಗದ ಶಕ್ತಿ ಒದಗಿದಾಗ, ಹಿಂದೆ ಕೇವಲ ಕಲ್ಲೆನಿಸಿದ್ದುದು ಅದಿರಾಗುತ್ತದೆ. ಖನಿಜದ ಚರಿತ್ರೆಯೂ ಇಂಧನದ ಚರಿತ್ರೆಯೂ ಒಂದೇ ಎಂಬುದನ್ನು ವಿದ್ಯಾರ್ಥಿಗೆ ತೋರಿಸಲು ಇದಕ್ಕಿಂತ ಉತ್ತಮ ನಿದರ್ಶನ ನಮ್ಮ ನಾಡಿನಲ್ಲಿಲ್ಲ. ನೆಲದೊಳಗಿನ ನಿಧಿಯು ಪ್ರಕೃತಿ ಎಣಿಸಿಟ್ಟ ಮೊತ್ತವಲ್ಲ. ಶೋಧ, ಶಕ್ತಿ, ರಾಜ್ಯದ ಬಂಡವಾಳ, ಕೂಲಿಗಾರರ ಮೈಬೆವರು ಇವೆಲ್ಲ ಸೇರಿ ಅದರ ಗಾತ್ರವನ್ನು ನಿರ್ಣಯಿಸಿದವು.

ಇದಕ್ಕಾಗಿ ಹೋಟೆಲಿಂಗರನ್ನು ದೂಷಿಸುವುದು ಅನ್ಯಾಯ. ಗಣಿಯು ಆಳವಾದಂತೆ ವೆಚ್ಚ ಏರುವುದನ್ನೂ, ಚಿನ್ನ ವಜ್ರಗಳಂಥ ಬಾಳಿಕೆಯ ವಸ್ತುಗಳು ಶೇಖರವಾದಂತೆ ಮಾರುಕಟ್ಟೆ ಬದಲಾಗುವುದನ್ನೂ ಅವರು ಅದೇ ಲೇಖನದಲ್ಲಿ ಪ್ರಸ್ತಾಪಿಸಿದ್ದಾರೆ. ನನ್ನ ಆಕ್ಷೇಪಣೆ ಪಾಠಹೇಳುವವರ ಮೇಲೆ. ಪರೀಕ್ಷೆಗೆ ಅನುಕೂಲವಾದ ಒಂದು ಸಮೀಕರಣವನ್ನು ಉಳಿಸಿಕೊಂಡು, ಲೇಖಕನೇ ಹಾಕಿದ ಎಚ್ಚರಿಕೆಗಳನ್ನು ಬಿಟ್ಟುಬಿಟ್ಟರೆ ವಿದ್ಯಾರ್ಥಿಯ ಕೈಗೆ ಸಿಗುವುದು ಎಲುಬು ಮಾತ್ರ. ಚರಿತ್ರೆಯ ವಿಭಾಗಗಳೂ ನಿರ್ದೋಷಿಗಳಲ್ಲ: ನಾವು ಕೋಲಾರವನ್ನು ಗಂಗರ ಶಾಸನಗಳಿಗಾಗಿ ನೋಡುವಷ್ಟು ಕುತೂಹಲದಿಂದ ಗಣಿಯ ಲೆಕ್ಕಪುಸ್ತಕಗಳಿಗಾಗಿ ನೋಡಿದವರಲ್ಲ.

ಗಣಿಗಳ ಅಂತ್ಯವಂತೂ ಸೂತ್ರಕ್ಕೆ ಇನ್ನೂ ದೂರ. 1956ರಲ್ಲಿ ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರಕ್ಕೂ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೂ ಸೇರಿದ ಗಣಿಗಳು 3 ಕಿಲೋಮೀಟರಿಗೂ ಮಿಕ್ಕ ಆಳ ತಲುಪಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದಿನ ಬೆಲೆ ಔನ್ಸಿಗೆ ಸುಮಾರು 270 ಡಾಲರು. ಹತ್ತು ವರ್ಷಗಳಲ್ಲಿ, 2011ರಲ್ಲಿ, ಅದು 1,800ನ್ನು ದಾಟಿತು. ಬಡ್ಡಿಯ ಲೆಕ್ಕ ಬಲ್ಲ ಒಡೆಯನು ಕಾಯುತ್ತಿದ್ದನೆಂದು ಸಿದ್ಧಾಂತಿಯು ಹೇಳಬಹುದು. ಆದರೆ ನಿಲ್ಲಿಸಿದ ಗಣಿ ಕಾಯುವುದಿಲ್ಲ. ನೀರು ತುಂಬುತ್ತದೆ, ಕುಶಲ ಕೆಲಸಗಾರರು ಚದುರುತ್ತಾರೆ.

ಅದಿರಿನ ಪುಡಿಯಿಂದ ಚಿನ್ನವನ್ನು ಬಿಡಿಸಿಕೊಂಡ ಬಳಿಕ ಉಳಿದ, ಸಯನೈಡ್ ದಿಬ್ಬಗಳೆಂದು ಊರವರು ಕರೆಯುವ ಗುಡ್ಡಗಳು ಮಾತ್ರ ಅಲ್ಲಿಯೇ ಇವೆ. ಅವುಗಳಲ್ಲಿನ ಅಳಿದುಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಯೋಜನೆಗೆ, 13 ದಿಬ್ಬಗಳ ಮಟ್ಟಿಗೆ, ರಾಜ್ಯದ ಸಚಿವ ಸಂಪುಟ 2024ರಲ್ಲಿ ಸಮ್ಮತಿಯಿತ್ತಿತು. ಕಸವು ಹೀಗೆ ಮತ್ತೆ ನಿಧಿಯಾಗುವ ಹೊತ್ತಿನಲ್ಲಿ, ಗಾಳಿಯೆದ್ದಾಗ ಅದೇ ದಿಬ್ಬಗಳ ಧೂಳನ್ನು ಉಸಿರಾಡಿದವರ ಬಾಬತ್ತನ್ನು ಯಾವ ಅಂಕಣದಲ್ಲಿ ಬರೆಯಬೇಕೆಂಬುದನ್ನು ಪಾಠಕ್ರಮ ಇನ್ನೂ ಹೇಳಿಲ್ಲ.