ಹಣವೆಂಬ ಹೆಸರು, ಎರಡು ತೂಕ

ಹನೂರಿನಿಂದ ಕೌದಳ್ಳಿ ಹಾದು ಮಾದಪ್ಪನ ಬೆಟ್ಟಕ್ಕೆ ಹೋಗುವವರ ಮುಡಿಪಿನ ಗಂಟಿನಲ್ಲಿ, ಕಾಲಕಾಲಕ್ಕೆ ಈ ಸೀಮೆಯನ್ನಾಳಿದವರ ನಾಣ್ಯಗಳೆಲ್ಲ ಸೇರಿದ್ದಾವು. ಅವುಗಳ ಲೆಕ್ಕವನ್ನು ನಾಲ್ಕು ಸಾಲಿಗೆ ಇಳಿಸಿ, ಸಾಲುಸಾಲಾಗಿ ಬಿಡಿಸುತ್ತೇನೆ.

4 ಹಾಗ = 1 ಹಣ

ಹಾಗವೆಂದರೆ ಕಾಲು ಪಾಲು, ವೀಸವೆಂದರೆ ಹದಿನಾರರಲ್ಲೊಂದು. ಕಂಠೀರವ ನರಸರಾಜ ಒಡೆಯರ (1638–1659) ಚಿನ್ನದ ಹಣವನ್ನು ಅಂಗೈ ಮೇಲಿಟ್ಟರೆ ಬೇಳೆಕಾಳಿನಷ್ಟು. ಒಂದು ಮಗ್ಗುಲಲ್ಲಿ ನರಸಿಂಹ, ಇನ್ನೊಂದರಲ್ಲಿ ನಾಗರಿ ಲಿಪಿಯ ಮೂರು ಸಾಲು: ಶ್ರೀ, ಕಂಠಿ, ರವ. ತೂಕ ಸುಮಾರು 0.35 ಗ್ರಾಂ, ಅಂದರೆ ಮೂರು ಗುಲಗಂಜಿ. ಕಣ್ಣಳತೆ ಇಲ್ಲಿ ನಡೆಯದು, ತ್ರಾಸೇ ಬೇಕು. ಪ್ರಾಚೀನ ಅಥೆನ್ಸಿನ ಅರ್ಧ ಓಬೊಲ್ ಕೂಡ ಹೆಚ್ಚುಕಡಿಮೆ ಇಷ್ಟೇ ತೂಗುತ್ತಿತ್ತು, ಆದರೆ ಅದು ಬೆಳ್ಳಿ. ಕಳೆದುಹೋದೀತೆಂದು ಅಲ್ಲಿನವರು ಇಂಥ ಚಿಲ್ಲರೆಯನ್ನು ಬಾಯಲ್ಲಿಟ್ಟುಕೊಂಡು ಪೇಟೆಗೆ ಹೋಗುತ್ತಿದ್ದರು.

10 ಹಣ = 1 ವರಹ

ಕಂಠೀರಾಯ ವರಹ ಲೆಕ್ಕದ ಕಡತದಲ್ಲಿ ಮಾತ್ರ ಇತ್ತು. ಹತ್ತು ಹಣ ಎಣಿಸಿಕೊಟ್ಟರೆ ಒಂದು ವರಹ ಸಂದಂತೆ. ಗ್ರೀಕರಲ್ಲೂ 6 ಓಬೊಲ್‌ಗೆ 1 ದ್ರಾಖ್ಮ, 100 ದ್ರಾಖ್ಮಕ್ಕೆ 1 ಮಿನಾ, 60 ಮಿನಾಕ್ಕೆ 1 ಟ್ಯಾಲೆಂಟ್. ಕೊನೆಯ ಎರಡನ್ನು ಯಾರೂ ನಾಣ್ಯವಾಗಿ ಜೇಬಿಗಿಳಿಸಲಿಲ್ಲ. ಅಥೆನ್ಸಿನ ಟ್ಯಾಲೆಂಟ್ ಸುಮಾರು 26 ಕಿಲೋ ಬೆಳ್ಳಿ!

80 ಕಾಸು = 1 ಹಣ, 42 ಹಣ = 1 ವರಹ

ಇಲ್ಲಿ ತುಸು ನಿಲ್ಲಬೇಕು. ಮೇಲಿನ ಸಾಲಿನಲ್ಲಿ ಹತ್ತಕ್ಕೆ ಬರುತ್ತಿದ್ದ ವರಹ ಈಗ ನಲವತ್ತೆರಡು ಕೇಳುತ್ತಿದೆ. ವರಹವೇನೂ ನಾಲ್ಕು ಪಟ್ಟು ದಪ್ಪವಾಗಲಿಲ್ಲ. ಹಣವೇ ಬೇರೆ. ಇದು ಮದರಾಸಿನ ಲೆಕ್ಕ. ಅಲ್ಲಿನ ಹಣ ಬೆಳ್ಳಿಯದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹನೂರನ್ನೂ ಬೆಟ್ಟವನ್ನೂ ಒಳಗೊಂಡ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿಯಿತು. ಕೊಡುವವನೂ ಕೊಳ್ಳುವವನೂ ಕನ್ನಡದಲ್ಲೇ ‘ಹಣ’ ಎನ್ನುತ್ತಿದ್ದರೂ, ಯಾವ ಹಣವೆಂದು ಕೇಳಿಕೊಳ್ಳದೆ ವ್ಯಾಪಾರ ಕುದುರುವಂತಿರಲಿಲ್ಲ. ಗ್ರೀಸಿನಲ್ಲೂ ಇದೇ ಪಾಡು: ಅಥೆನ್ಸಿನ ದ್ರಾಖ್ಮ ಸುಮಾರು 4.3 ಗ್ರಾಂ, ಎದುರಿನ ಈಜೀನಾ ದ್ವೀಪದ್ದು 6 ಗ್ರಾಂ ದಾಟುತ್ತಿತ್ತು. ಚಿನಿವಾರನಿಗೆ ಗೌರವ ಸಿಕ್ಕಿದ್ದು ಈ ಕಾರಣಕ್ಕೆ ಎಂದೇ ನನ್ನ ನಂಬಿಕೆ. ಹೆಸರು ಮುಚ್ಚಿಟ್ಟದ್ದನ್ನು ಅವನ ತ್ರಾಸು ಹೇಳಿಬಿಡುತ್ತಿತ್ತು.

16 ಆಣೆ = 1 ರೂಪಾಯಿ

1835ರ ಕಂಪನಿ ಕಾಯಿದೆಯ ರೂಪಾಯಿ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ. ನಾಣ್ಯವೇ ತೂಕದ ಬಟ್ಟು! ತಕ್ಕಡಿಯ ಒಂದು ತಟ್ಟೆಗೆ 80 ರೂಪಾಯಿ ಹಾಕಿದರೆ ಇನ್ನೊಂದರಲ್ಲಿ ಪಕ್ಕಾ ಸೇರು. ನಾಲ್ಕಾಣೆಯ ಪಾವಲಿ ಕಾಲು ತೊಲ.

ಕೊಳ್ಳೇಗಾಲ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಮರಳಿತು. ಐದೇ ತಿಂಗಳಿಗೆ, 1957ರ ಏಪ್ರಿಲ್ 1ಕ್ಕೆ, ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂತು. ಬಾಯಲ್ಲಿ ಮಾತ್ರ ನಾಲ್ಕಾಣೆ, ಎಂಟಾಣೆ ಬಹುಕಾಲ ಉಳಿದವು. ರೂಪಾಯಿಯ ತೂಕ ಆಗಲೂ ತೊಲವೇ. 1962ರ ನಿಕ್ಕಲ್ ರೂಪಾಯಿ 10 ಗ್ರಾಮಿಗೆ ಇಳಿಯಿತು. ತೊಲದ ಬಟ್ಟಿನ ಜಾಗದಲ್ಲಿ ಅದನ್ನಿಟ್ಟು ತೂಗುವಂತಿರಲಿಲ್ಲ.