ಮೆಲ್ಲಡಿಯ ಮಹಾಗಾನ

ವಾದ್ಯಗಳ ಆಸರೆಯನ್ನು ತೊರೆದು ಕೇವಲ ಕಂಠಗಳಿಂದಲೇ ನಾದಸೌಧವನ್ನು ಕಟ್ಟುವ ವೃಂದಗಳು ಲೋಕದಲ್ಲಿ ಅನೇಕವಿದ್ದರೂ, ಅರ್ಧ ಶತಮಾನಕ್ಕೂ ಮಿಕ್ಕಿ ಹಾಡುತ್ತ ಬಂದು, ದೇಶದೇಶಗಳನ್ನು ಸಂಚರಿಸಿಯೂ ಹುಟ್ಟುನೆಲದ ಮೆಲುದನಿಯನ್ನು ಕಳೆದುಕೊಳ್ಳದೆ ಉಳಿಸಿಕೊಂಡ ಹಿರಿಮೆ ದಕ್ಷಿಣ ಆಫ್ರಿಕೆಯ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಝೊ ವೃಂದಕ್ಕೆ ಸಲ್ಲುತ್ತದೆ. ಇವರನ್ನು ಕೇಳುವ ರಸಿಕರು ಮುಂದಾಳಿನ ಕಂಠಮಾಧುರ್ಯಕ್ಕೆ ಮಾತ್ರ ಮನಸೋಲದೆ, ಅದರ ಹಿಂದೆ ಸಾಲಾಗಿ ನಿಂತ ಮಂದ್ರಕಂಠಗಳಿಗೆ ವಿಶೇಷವಾಗಿ ಕಿವಿಗೊಡಬೇಕೆಂಬುದು ನನ್ನ ವಿನಂತಿ. ಏಕೆಂದರೆ ಈ ಕಲೆಯ ಜೀವಾಳವಿರುವುದು ಅಲ್ಲಿ.

ಹೆಂಡಿರುಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಗಣಿಗಳಿಗೂ ಕಾರ್ಖಾನೆಗಳಿಗೂ ದುಡಿಯಹೋದ ಜುಲು ಗಂಡಸರು, ವಾರವೆಲ್ಲ ಮೈಮುರಿದು ಗೇಯ್ದು, ಶನಿವಾರದ ಇರುಳು ತಮ್ಮ ಬಿಡಾರಗಳಲ್ಲಿ ಕೂಡಿ ಬೆಳಗಾಗುವವರೆಗೆ ಪಂತಕಟ್ಟಿ ಹಾಡುತ್ತಿದ್ದ ಗಾನಕ್ಕೆ ಇಸಿಕಥಾಮಿಯ ಎಂದು ಹೆಸರು; ಮಂಬಾಝೊ ವೃಂದದವರು ಹಾಡುವುದೂ ಇದನ್ನೇ. ಗೆದ್ದ ತಂಡಕ್ಕೆ ದೊರೆಯುತ್ತಿದ್ದ ಬಹುಮಾನ ಒಂದು ಆಡು. ಕಾವಲುಗಾರರಿಗೆ ಸದ್ದು ಕೇಳಿಸದಂತೆ ತುದಿಗಾಲಿನಲ್ಲಿ ಕುಣಿಯಬೇಕಾಗಿ ಬಂದುದರಿಂದ ಈ ಕಲೆಗೆ ಮೆಲ್ಲಡಿ ಒದಗಿತೆಂದು ಗಾಯಕರೇ ಹೇಳುತ್ತಾರೆ. ನಿರ್ಬಂಧದಿಂದ ಹುಟ್ಟಿದ ಮೃದುತ್ವವು ಸೌಂದರ್ಯದ ನಿಯಮವೇ ಆಗಿ ಪರಿಣಮಿಸಿತು.

ಈ ವೃಂದದ ಸಂಸ್ಥಾಪಕರಾದ ಜೋಸೆಫ್ ಶಬಲಾಲ ಅವರು ಲೇಡಿಸ್ಮಿತ್ ಪಟ್ಟಣದ ಬಳಿಯ ಹೊಲಗಳಲ್ಲಿ ಬೆಳೆದು, ದುಡಿಮೆಗಾಗಿ ಡರ್ಬನ್ ಸೇರಿದವರು. 1964ರಲ್ಲಿ ಮತ್ತೆ ಮತ್ತೆ ಬಿದ್ದ ಕನಸಿನಲ್ಲಿ ಹಿಂದೆಂದೂ ಕೇಳರಿಯದ ಸ್ವರಮೇಳವೊಂದನ್ನು ಕೇಳಿದೆನೆಂದೂ, ಅದನ್ನೇ ತಮ್ಮಂದಿರಿಗೂ ದಾಯಾದಿಗಳಿಗೂ ಕಲಿಸತೊಡಗಿದೆನೆಂದೂ ಅವರು ಹೇಳುತ್ತಿದ್ದರು. ವೃಂದದ ಹೆಸರಿನಲ್ಲಿ ಊರೂ ಇದೆ, ಉಳುವ ಕರಿಯ ಎತ್ತೂ ಇದೆ, ಎದುರಾಳಿಗಳನ್ನು ಕಡಿದುರುಳಿಸುವ ಕೊಡಲಿಯೂ ಇದೆ. ಆ ಹೆಸರು ಎಷ್ಟರಮಟ್ಟಿಗೆ ಅನ್ವರ್ಥವಾಯಿತೆಂದರೆ, ಇವರನ್ನು ಸ್ಪರ್ಧೆಗಳಿಂದಲೇ ದೂರವಿರಿಸಿ, ಕೇವಲ ರಂಜನೆಗಾಗಿ ಹಾಡಲು ಕರೆಯುವಂತಾಯಿತು. 1970ರ ಬಾನುಲಿ ಗಾಯನದಿಂದ ಧ್ವನಿಮುದ್ರಣದ ಅವಕಾಶ ಒದಗಿ, 1973ರಲ್ಲಿ ‘ಅಮಾಬುಥೊ’ ಎಂಬ ಮೊದಲ ಸಂಪುಟ ಹೊರಬಂದಿತು.

ಹೊರಜಗತ್ತು ಇವರನ್ನು ಅರಿತುದು 1986ರಲ್ಲಿ, ಅಮೆರಿಕದ ಪಾಲ್ ಸೈಮನ್ನರ ‘ಗ್ರೇಸ್‌ಲ್ಯಾಂಡ್’ ಸಂಪುಟದ ಮೂಲಕ. ಅದರಲ್ಲಿನ ‘ಹೋಮ್‌ಲೆಸ್’ ಗೀತೆಯನ್ನು, ಸೈಮನ್ ಮತ್ತು ಶಬಲಾಲ ಕೂಡಿ ರಚಿಸಿದ್ದನ್ನು, ಏಕಾಂತದಲ್ಲಿ ಕುಳಿತು ಕೇಳಬೇಕು. ಎತ್ತರದ ಸ್ಥಾಯಿಗಳಿಗೆ ಕೆಲವರೇ ಇದ್ದು, ಉಳಿದವರು ಬಹುಮಟ್ಟಿಗೆ ಎಲ್ಲರೂ ಮಂದ್ರಕ್ಕೆ ನಿಲ್ಲುವುದು ಇವರ ಕ್ರಮ. ಮುಂದಾಳು ತೆಳುವಾದ ತಾರದಲ್ಲಿ ಒಂದು ಪಂಕ್ತಿಯನ್ನು ಎತ್ತಿ ಬಿಟ್ಟೊಡನೆ, ಮಂದ್ರದವರು ಏಕೋಚ್ಛ್ವಾಸದಲ್ಲಿ ಅದನ್ನು ಹಿಡಿದು, ಪದದ ಕಡೆಯ ಸ್ವರವನ್ನು ಎಲ್ಲರೂ ಒಂದೇ ಗಳಿಗೆಯಲ್ಲಿ ಮೆಲ್ಲನೆ ಮುಗಿಸುತ್ತಾರೆ. ಇಷ್ಟು ಜನ ಹಾಡಿಯೂ ಯಾರೊಬ್ಬರ ಕಂಠವೂ ಪ್ರತ್ಯೇಕವಾಗಿ ಮುಂಚಾಚುವುದಿಲ್ಲ. ನಮ್ಮ ಗಾಯಕನಿಗೆ ತಂಬೂರಿಯ ಶ್ರುತಿ ಅಚಲವಾದ ಆಧಾರವಾದರೆ, ಇಲ್ಲಿ ಆಧಾರವೇ ಚಲಿಸುತ್ತದೆ, ಉಸಿರಾಡುತ್ತದೆ, ಮುಂದಾಳಿಗೆ ಮರುನುಡಿಯುತ್ತದೆ.

1987ರ ‘ಶಾಕಾ ಜುಲು’ ಸಂಪುಟಕ್ಕೆ ಗ್ರ್ಯಾಮಿ ಪ್ರಶಸ್ತಿ ದೊರೆತು, ಜಗತ್ಪರ್ಯಟನೆಯ ದಾರಿ ತೆರೆಯಿತು. ಆದರೆ ದೂರದೇಶಗಳ ಕರತಾಡನವು ತವರಿನ ಕ್ರೌರ್ಯದಿಂದ ಇವರನ್ನು ಕಾಪಾಡಲಿಲ್ಲ: ಆ ಮಂದ್ರದ ಸಾಲಿನಲ್ಲಿ ಹಾಡುತ್ತಿದ್ದ ಜೋಸೆಫರ ತಮ್ಮ ಹೆಡ್ಮನ್, 1991ರಲ್ಲಿ ಬಿಳಿಯ ಕಾವಲುಗಾರನೊಬ್ಬನ ಗುಂಡಿಗೆ ಬಲಿಯಾದರು. ವೃಂದವು ಚದುರಲಿಲ್ಲ, ಜೋಸೆಫರ ಮಕ್ಕಳು ಬಂದು ಸಾಲು ಸೇರಿದರು. ನೆಲ್ಸನ್ ಮಂಡೇಲಾ 1993ರಲ್ಲಿ ನೊಬೆಲ್ ಶಾಂತಿಪುರಸ್ಕಾರವನ್ನು ಸ್ವೀಕರಿಸಲು ಓಸ್ಲೋ ನಗರಕ್ಕೆ ತೆರಳಿದಾಗ ಅವರೊಡನೆ ಹೋಗಿ ಹಾಡಿದವರೂ ಇವರೇ.

ಶಬಲಾಲ ಅವರು 2014ರಲ್ಲಿ ಸಂಚಾರದಿಂದ ನಿವೃತ್ತರಾಗಿ 2020ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಗ್ರ್ಯಾಮಿಗಳ ಸಂಖ್ಯೆ 5ಕ್ಕೆ ಏರಿದ್ದಿತು, ಮುಂದಾಳ್ತನ ಮಕ್ಕಳ ಕೈಸೇರಿದ್ದಿತು. ಒಬ್ಬನ ಕಂಠಸಿರಿಯನ್ನೇ ನೆಚ್ಚಿದ ಕೀರ್ತಿ ಆ ಕಂಠದೊಡನೆಯೇ ಅಡಗುವುದು ಸಹಜ. ಪಕ್ಕದವನ ಉಸಿರಿಗೆ ತನ್ನ ಉಸಿರನ್ನು ಹೊಂದಿಸುವ ಶಿಸ್ತನ್ನಾದರೋ ತಂದೆ ಮಗನಿಗೆ ಕಲಿಸಬಹುದು, ಮಗ ಮೊಮ್ಮಗನಿಗೆ ಕಲಿಸಬಹುದು. ಮಂಬಾಝೊ ವೃಂದವು ಸ್ಥಾಪಕನನ್ನು ಮೀರಿ ಬದುಕಿರುವುದು ಆ ಶಿಸ್ತಿನ ಬಲದಿಂದಲೇ ಎಂದು ನಾನು ದೃಢವಾಗಿ ನಂಬಿದ್ದೇನೆ.